ಫೆಸ್, ಮರಕೇಶ್, ಟ್ಯೂನಿಸ್: ಹಳೆ ಪೇಟೆಗಳಲ್ಲಿ ದಾರಿ, ದರ ಮತ್ತು ಅಸಲಿ ಮಾಲು

ಪ್ರಶ್ನೆ: ಅಕ್ಟೋಬರ್‌ನಲ್ಲಿ ನಾನು, ನಮ್ಮ ಮನೆಯವರು, ಅತ್ತೆ ಮತ್ತು ಕಾಲೇಜು ಓದುವ ಮಗಳು ಮೊರಾಕ್ಕೊಗೆ ಹೊರಟಿದ್ದೇವೆ. ಫೆಸ್ ಮತ್ತು ಮರಕೇಶ್‌ನಲ್ಲಿ ಮೂರು ಮೂರು ದಿನ, ಆಮೇಲೆ ಟ್ಯೂನಿಸ್‌ನಲ್ಲಿ ಎರಡು ದಿನ. ಅಲ್ಲಿನ ಹಳೆ ಮಾರುಕಟ್ಟೆಗಳನ್ನು ನೋಡುವುದೇ ನಮ್ಮ ಮುಖ್ಯ ಆಸೆ. ಆದರೆ ದಾರಿ ತಪ್ಪುತ್ತದೆ, ಜನ ಬೆನ್ನು ಬೀಳುತ್ತಾರೆ, ಬಾಯಿಗೆ ಬಂದ ಬೆಲೆ ಹೇಳುತ್ತಾರೆ ಎಂದೆಲ್ಲ ಕೇಳಿ ದಿಗಿಲಾಗಿದೆ. ನಮಗೆ ಚೌಕಾಸಿ ಬರುವುದಿಲ್ಲ, ನಾವು ಸಸ್ಯಾಹಾರಿಗಳು ಬೇರೆ. ಒಂದು ಕಾರ್ಪೆಟ್, ಚರ್ಮದ ಚೀಲ, ಸ್ವಲ್ಪ ಕೇಸರಿ ಕೊಳ್ಳಬೇಕೆಂದಿದೆ. ಏನೇನು ಗಮನದಲ್ಲಿಡಬೇಕು?

ಉತ್ತರ: ಚೌಕಾಸಿ ಬರದಿದ್ದರೆ ಚಿಂತೆ ಬೇಡ. ಈ ಪೇಟೆಗಳಲ್ಲಿ ಪ್ರವಾಸಿಗರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಮಾಲಿನ ಗುರುತು ಗೊತ್ತಿಲ್ಲದೆ. ಸಾವಿರ ದಿರ್ಹಮ್ (ಮೊರಾಕ್ಕೊದ ಹಣ) ಎಂದದ್ದನ್ನು ಐನೂರಕ್ಕೆ ಇಳಿಸಿದೆವೆಂದು ಹಿಗ್ಗುತ್ತಾರೆ, ಕೈಯಲ್ಲಿರುವುದು ನೂರರ ಮಾಲು. ಯಾವ ವಸ್ತು ಯಾವ ಬೀದಿಯಲ್ಲಿ ತಯಾರಾಗುತ್ತದೆ, ಅಸಲಿಯನ್ನು ಹೇಗೆ ಗುರುತಿಸುವುದು ಎಂಬೆರಡು ತಿಳಿದಿದ್ದರೆ ಬೆಲೆಯ ಮಾತು ತಾನಾಗಿ ಸುಲಭವಾಗುತ್ತದೆ.

ಮೊದಲು ಬೀದಿಗಳ ಲೆಕ್ಕ. ಮೂರೂ ಊರುಗಳ ಮದೀನಾ, ಎಂದರೆ ಗೋಡೆಯೊಳಗಿನ ಹಳೆಯ ಊರು, ಯುನೆಸ್ಕೊ ಪಟ್ಟಿಯಲ್ಲಿವೆ: ಟ್ಯೂನಿಸ್ 1979ರಿಂದ, ಫೆಸ್ 1981ರಿಂದ, ಮರಕೇಶ್ 1985ರಿಂದ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳ ಹಾಗೆ ಇಲ್ಲೂ ಕಸುಬಿಗೊಂದು ಬೀದಿ. ಒಂದು ವ್ಯತ್ಯಾಸವಿದೆ. ಇಲ್ಲಿ ಬೀದಿಗಳ ಜಾಗ ಬಹುಮಟ್ಟಿಗೆ ನಿರ್ಧಾರವಾದದ್ದು ದೊಡ್ಡ ಮಸೀದಿಯಿಂದ ಎಷ್ಟು ದೂರ ಎಂಬುದರ ಮೇಲೆ. ಅತ್ತರು, ಸಾಂಬಾರ ಪದಾರ್ಥ, ಪುಸ್ತಕ, ಒಳ್ಳೆಯ ಬಟ್ಟೆ ಮಸೀದಿಯ ಪಕ್ಕದಲ್ಲೇ. ಸುತ್ತಿಗೆಯ ಸದ್ದು ಮಾಡುವ ಕಮ್ಮಾರರು, ನೀರು ಬೇಡುವ ಬಣ್ಣಗಾರರು, ನಾರುವ ಚರ್ಮ ಹದಗಾರರು ಅಂಚಿಗೆ, ಹೊಳೆಯ ಬದಿಗೆ. ಫೆಸ್‌ನಲ್ಲಿ ಅತ್ತಾರೀನ್ ಬೀದಿ ಖರವಿಯ್ಯೀನ್ ಮಸೀದಿಯ ಮಗ್ಗುಲಲ್ಲಿದ್ದರೆ ಶುವಾರಾ ಚರ್ಮದ ಹೊಂಡಗಳು ಹೊಳೆಯ ಹತ್ತಿರ. ಟ್ಯೂನಿಸ್‌ನಲ್ಲೂ ಝೈತೂನಾ ಮಸೀದಿಯ ಗೋಡೆಗೆ ತಾಗಿಕೊಂಡೇ ಅತ್ತಾರೀನ್ ಸೂಕ್ (ಸೂಕ್ ಎಂದರೆ ಪೇಟೆ). ಈ ಕ್ರಮ ತಲೆಯಲ್ಲಿದ್ದರೆ ಯಾವ ಊರಿನ ಹಳೇ ಪೇಟೆಯಲ್ಲಿ ನಿಂತರೂ ನಡುವಿಗೆ ಹತ್ತಿರವಿದ್ದೀರೋ ಅಂಚಿಗೋ ಎಂದು ಹೆಚ್ಚಾಗಿ ಮೂಗು, ಕಿವಿಗಳೇ ಹೇಳುತ್ತವೆ.

ಫೆಸ್‌ನಲ್ಲಿ ಫೋನಿನ ನಕ್ಷೆಯನ್ನು ಪೂರ್ತಿ ನಂಬಬೇಡಿ. ಎರಡಾಳು ಎದುರುಬದುರಾದರೆ ಪಕ್ಕಕ್ಕೆ ಸರಿಯಬೇಕಾದ ಓಣಿಗಳು, ಎತ್ತರದ ಗೋಡೆಗಳು, ಕೆಲವು ಕಡೆ ಮೇಲೆ ಚಾವಣಿ. ಉಪಗ್ರಹದ ಸಂಕೇತ ಸಿಗದೆ ನೀಲಿ ಚುಕ್ಕೆ ಪಕ್ಕದ ಓಣಿಗೆ ಜಿಗಿಯುತ್ತದೆ. ಅದಕ್ಕಿಂತ ಇಳಿಜಾರನ್ನು ನಂಬಿ. 1913ರಲ್ಲಿ ಕಟ್ಟಿದ ಬಾಬ್ ಬುಜ್ಲೂದ್ ಹೆಬ್ಬಾಗಿಲು ಮೇಲ್ಭಾಗದಲ್ಲಿದೆ. ಅದರ ಹೊರಮುಖ ನೀಲಿ, ಒಳಮುಖ ಹಸಿರು. ಅಲ್ಲಿಂದ ತಲಾ ಕಬೀರಾ, ತಲಾ ಸಗೀರಾ ಎಂಬ ಎರಡು ಬೀದಿಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿ ಖರವಿಯ್ಯೀನ್ ಕಡೆಗೆ ಇಳಿಯುತ್ತವೆ. ದಾರಿ ತಪ್ಪಿತೆನ್ನಿಸಿದರೆ, ಇಳಿದರೆ ಮಸೀದಿ ಮತ್ತು ರ್ಸೀಫ್ ಚೌಕ, ಏರಿದರೆ ಬುಜ್ಲೂದ್. ಜನ ಹೆಚ್ಚು ಓಡಾಡುವ ಓಣಿಯನ್ನೇ ಹಿಡಿಯಿರಿ. ಓಣಿ ಕಿರಿದಾಗುತ್ತಾ ಅಂಗಡಿಗಳೇ ಇಲ್ಲದ ಮನೆಬಾಗಿಲುಗಳ ಸಾಲು ಬಂತೆಂದರೆ ಮುಂದೆ ದಾರಿ ಮುಚ್ಚಿದೆ ಎಂದೇ ಲೆಕ್ಕ, ಅಲ್ಲಿಂದ ಹಿಂದಿರುಗಿ. ಅತ್ತೆಯವರಿಗೆ ಮಂಡಿನೋವಿದ್ದರೆ ಬೆಳಿಗ್ಗೆ ಬುಜ್ಲೂದ್‌ನಿಂದ ಇಳಿದು, ಹಿಂದಿರುಗುವಾಗ ಏರದೆ ರ್ಸೀಫ್ ಚೌಕದಲ್ಲೇ ಟ್ಯಾಕ್ಸಿ ಹಿಡಿಯಿರಿ. ಕಲ್ಲುಹಾಸು ನುಣುಪು, ಬೆಳಿಗ್ಗೆ ಅಂಗಡಿಯವರು ನೀರು ಹಾಕಿರುತ್ತಾರೆ. ಹಿಡಿತವಿರುವ ಮುಚ್ಚಿದ ಶೂ ಬೇಕೇ ಬೇಕು.

ಹಳೆಯ ಫೆಸ್‌ನ ಓಣಿಗಳೊಳಗೆ ಕಾರು ಬರುವುದಿಲ್ಲ. ಸರಕೆಲ್ಲ ಹೇಸರಗತ್ತೆ, ಕತ್ತೆಗಳ ಮೇಲೆ. ಹಿಂದಿನಿಂದ ‘ಬಾಲಕ್!’ (ದಾರಿ ಬಿಡಿ) ಎಂದು ಕೂಗು ಕೇಳಿದರೆ ತಿರುಗಿ ನೋಡುತ್ತಾ ನಿಲ್ಲಬೇಡಿ, ಗೋಡೆಗೆ ಒತ್ತಿಕೊಳ್ಳಿ. ಅಕ್ಕಪಕ್ಕ ನೇತಾಡುವ ಗ್ಯಾಸ್ ಸಿಲಿಂಡರು, ತಂಪುಪಾನೀಯದ ಕ್ರೇಟು ಮೊಣಕೈಗೆ ತಗಲುತ್ತವೆ. ಮರಕೇಶ್‌ನಲ್ಲಿ ಪ್ರಾಣಿಗಳಿಗಿಂತ ಸ್ಕೂಟರುಗಳ ಕಾಟ ಜಾಸ್ತಿ. ಬಲಬದಿ ಹಿಡಿದು ನಡೆಯಿರಿ, ಅಂಗಡಿ ನೋಡುತ್ತಾ ತಟ್ಟನೆ ಅಡ್ಡ ಸರಿಯಬೇಡಿ. ಸೂಟ್‌ಕೇಸುಗಳ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಉಳಿದುಕೊಳ್ಳುವ ರಿಯಾದ್‌ಗೆ (ನಡುವೆ ಅಂಗಳವಿರುವ ಹಳೆ ಮನೆಯ ವಸತಿಗೃಹ) ಸಂದೇಶ ಕಳಿಸಿ, ಯಾವ ಬಾಗಿಲಿಗೆ ಎಷ್ಟು ಗಂಟೆಗೆ ತಳ್ಳುಗಾಡಿಯವನನ್ನು ಕಳಿಸುತ್ತಾರೆ, ಅವನಿಗೆ ಎಷ್ಟು ಕೊಡಬೇಕು ಎಂದು ಬರಹದಲ್ಲಿ ಪಡೆಯಿರಿ. ಇದೊಂದು ಮಾಡದೆ ರಾತ್ರಿ ಹೊತ್ತು ಬಂದಿಳಿದವರೇ ಬಾಗಿಲ ಬಳಿ ಕಾದಿರುವ ಹುಡುಗರ ಕೈಗೆ ಸಿಗುವುದು.

ಆ ಹುಡುಗರ ಮಾತುಗಳು ಹೆಚ್ಚೇನಿಲ್ಲ, ಮೂರೋ ನಾಲ್ಕೋ: ‘ಆ ದಾರಿ ಮುಚ್ಚಿದೆ’, ‘ಇವತ್ತೊಂದೇ ದಿನ ಹಳ್ಳಿಯವರ ಸಂತೆ’, ‘ಚರ್ಮದ ಹೊಂಡ ಈ ಕಡೆ, ನಾನೂ ಅಲ್ಲಿಗೇ ಹೊರಟಿದ್ದೇನೆ’. ದಾರಿ ಮುಚ್ಚಿರುವುದಿಲ್ಲ. ‘ಲಾ, ಶುಕ್ರನ್’ (ಬೇಡ, ಧನ್ಯವಾದ) ಎಂದು ನಗುಮುಖದಲ್ಲಿ ಒಮ್ಮೆ ಹೇಳಿ, ನಿಲ್ಲದೆ ನಡೆಯಿರಿ. ವಾದಕ್ಕೆ ನಿಂತರೆ ಕೆಲಸ ಕೆಟ್ಟಿತು. ನಿಜವಾಗಿ ದಾರಿ ಕೇಳಬೇಕಾದಾಗ ಬೀದಿಯಲ್ಲಿ ನಿಂತವರನ್ನು ಬಿಟ್ಟು, ಅಂಗಡಿಯೊಳಗೆ ಕೂತವರನ್ನೋ ರೊಟ್ಟಿ ಕೊಳ್ಳುತ್ತಿರುವ ಹೆಂಗಸರನ್ನೋ ಕೇಳಿ. ಫೆಸ್‌ನಲ್ಲಿ ಮೊದಲ ದಿನ ಅರ್ಧ ದಿವಸಕ್ಕೆ ಪರವಾನಗಿ ಇರುವ ಮಾರ್ಗದರ್ಶಿಯನ್ನು ಗೊತ್ತುಮಾಡುವುದು ಒಳ್ಳೆಯದು; ಅವರ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಗೊತ್ತುಮಾಡುವಾಗಲೇ ‘ಅಂಗಡಿಗಳು ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ಕರೆದುಕೊಂಡು ಹೋದವರಿಗೆ ಅಂಗಡಿಯವನು ಕಮಿಷನ್ ಕೊಡುತ್ತಾನೆ, ಅದು ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಇಷ್ಟವಾದ ಅಂಗಡಿಯ ಗುರುತಿಟ್ಟುಕೊಂಡು ಮಾರನೆಯ ದಿನ ನೀವೇ ಹೋದರೆ ಬೆಲೆಯ ಮಾತು ಬೇರೆಯೇ ಇರುತ್ತದೆ.

ವಾರದ ಲೆಕ್ಕವೂ ಮುಖ್ಯ. ಫೆಸ್‌ನಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಮದೀನಾದ ಬಹುಪಾಲು ಅಂಗಡಿಗಳ ಬಾಗಿಲು ಹಾಕಿರುತ್ತದೆ, ಕಸುಬುದಾರರಂತೂ ಸಿಗುವುದೇ ಇಲ್ಲ. ಆ ದಿನವನ್ನು ಮರಕೇಶ್ ರೈಲಿಗೆ ಇಟ್ಟುಕೊಳ್ಳಿ. ನೇರ ರೈಲಿಗೂ ಸುಮಾರು ಏಳು ಗಂಟೆ ಬೇಕು. ಮರಕೇಶ್‌ನಲ್ಲಿ ಶುಕ್ರವಾರದ ಪರಿಣಾಮ ಅಷ್ಟಿಲ್ಲ. ಟ್ಯೂನಿಸ್‌ನಲ್ಲಿ ಭಾನುವಾರ ರಜೆ, ಸೂಕ್‌ಗಳು ಹೆಚ್ಚಿನವು ಮುಚ್ಚಿರುತ್ತವೆ, ಉಳಿದ ದಿನಗಳಲ್ಲೂ ಸಂಜೆಗೆ ಬೇಗ ಬಾಗಿಲು ಹಾಕುತ್ತಾರೆ. ನಿಮ್ಮ ಎರಡು ದಿನದಲ್ಲಿ ಒಂದು ಭಾನುವಾರವಾಗದಂತೆ ವಿಮಾನದ ಟಿಕೆಟ್ ನೋಡಿಕೊಳ್ಳಿ. ಮೊರಾಕ್ಕೊ ಮತ್ತು ಅಲ್ಜೀರಿಯಾ ನಡುವಿನ ಭೂಗಡಿ 1994ರಿಂದ ಮುಚ್ಚಿದೆ, ಆದ್ದರಿಂದ ಕಾಸಾಬ್ಲಾಂಕಾದಿಂದ ವಿಮಾನವೇ ಗತಿ.

ಇನ್ನೊಂದು ಸಣ್ಣ ಸಂಗತಿ, ಆದರೆ ನಾಲ್ವರ ಕುಟುಂಬಕ್ಕೆ ದಿನವೂ ತೊಡಕು: ಮೊರಾಕ್ಕೊದ ಊರೊಳಗಿನ ‘ಪೆತಿ ಟ್ಯಾಕ್ಸಿ’ಯಲ್ಲಿ ಮೂವರಿಗಿಂತ ಹೆಚ್ಚು ಕೂರಿಸುವಂತಿಲ್ಲ. ಫೆಸ್‌ನಲ್ಲಿ ಅವು ಕೆಂಪು, ಮರಕೇಶ್‌ನಲ್ಲಿ ಮಣ್ಣಿನ ಬಣ್ಣ. ಇಬ್ಬಿಬ್ಬರಾಗಿ ಎರಡು ಹಿಡಿಯಿರಿ, ಇಲ್ಲವೆ ಆರು ಜನ ಕೂರುವ ದೊಡ್ಡ ಟ್ಯಾಕ್ಸಿಯನ್ನು ಮೊದಲೇ ದರ ಮಾತಾಡಿ ಹತ್ತಿ. ಚಿಕ್ಕದರಲ್ಲಿ ಹತ್ತುವ ಮುಂಚೆ ‘ಕೊಂತೋರ್’ ಎಂದು ಮೀಟರಿನ ಕಡೆ ಕೈ ತೋರಿಸಿ. ರಾತ್ರಿ ದರ ಹಗಲಿನ ಒಂದೂವರೆಪಟ್ಟು, ಅದು ಮೋಸವಲ್ಲ.

ಈಗ ಮಾಲಿನ ವಿಷಯ. ಕಾರ್ಪೆಟ್‌ನಿಂದಲೇ ಶುರುಮಾಡೋಣ, ಹೆಚ್ಚು ದುಡ್ಡು ಹೋಗುವುದು ಅಲ್ಲೇ. ನಡು ಅಟ್ಲಾಸ್ ಬೆಟ್ಟಸಾಲಿನ ಬೆನಿ ವರಾಯಿನ್ ದಪ್ಪ ಉಣ್ಣೆಯದು, ಕೆನೆಬಣ್ಣದ ಮೇಲೆ ಕಪ್ಪು ಅಥವಾ ಕಂದು ಗೆರೆಗಳು. ಹಂಬಲ್ ಎಂಬುದು ಜುಂಗಿಲ್ಲದ ಚಪ್ಪಟೆ ನೇಯ್ಗೆ. ಬೂಶರ್ವೀತ್ ಹಳೆ ಬಟ್ಟೆಯ ಪಟ್ಟಿಗಳಿಂದ ಮಾಡಿದ್ದು. ಎರಡು ಮೀಟರಿಗೆ ಮೂರು ಮೀಟರಿನ ಬೆನಿ ವರಾಯಿನ್ ಒಂದೇ ನಿಮ್ಮ ವಿಮಾನದ ಲಗೇಜಿನ ಮಿತಿಯನ್ನು ನುಂಗಿಹಾಕಬಹುದು. ಮನೆ ನಮ್ಮ ಕಡೆಯ ಹವೆಯದಾದರೆ ಅಷ್ಟು ದಪ್ಪ ಉಣ್ಣೆ ಮಳೆಗಾಲದಲ್ಲಿ ತೇವ ಹೀರಿ ವಾಸನೆ ಹಿಡಿಯುತ್ತದೆ. ನಿಮಗೆ ಹಂಬಲ್ ಸಾಕು: ಮಡಚಬಹುದು, ಕೊಡವಿ ಬಿಸಿಲಿಗೆ ಹಾಕಬಹುದು, ಬೆಲೆಯೂ ಕಡಿಮೆ.

ಪರೀಕ್ಷೆ ಹೀಗೆ. ಹಿಂಬದಿ ತಿರುಗಿಸಿ ನೋಡಿ. ಕೈನೇಯ್ಗೆಯಲ್ಲಿ ಸಾಲುಗಳು ತುಸು ಏರುಪೇರು ಇರುತ್ತವೆ, ಯಂತ್ರದ್ದರಲ್ಲಿ ಅಚ್ಚು ಹಾಕಿದಂತೆ ಒಂದೇ ಸಮ. ಬಿಳಿ ಕರವಸ್ತ್ರವನ್ನು ಒದ್ದೆಮಾಡಿ ಗಾಢ ಬಣ್ಣದ ಜಾಗದಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ತಿಕ್ಕಿ. ಬಣ್ಣ ಬಂದರೆ ಒಗೆದ ದಿನ ಬಿಳಿಯ ಭಾಗವೆಲ್ಲ ಕೆಂಪಾಗುತ್ತದೆ. ‘ನೂರು ವರ್ಷದ ಹಳೆಯದು’ ಎಂದರೆ ಜುಂಗನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿ. ಹೊಸ ಕಾರ್ಪೆಟ್ಟನ್ನು ಮಹಡಿಯ ಬಿಸಿಲಿನಲ್ಲಿ ಹರಡಿ, ಬ್ಲೀಚ್ ಹಾಕಿ ತೊಳೆದು ಹಳತು ಮಾಡುವುದುಂಟು. ಆಗ ತುದಿ ಮಾಸಿದ್ದರೂ ಬುಡದ ಬಣ್ಣ ಢಾಳಾಗಿ ಹೊಸದರಂತಿರುತ್ತದೆ, ಮೂಗಿಗೆ ಹಿಡಿದರೆ ಬ್ಲೀಚ್ ವಾಸನೆಯೂ ಬರಬಹುದು. ಉಣ್ಣೆಯ ನೂಲು ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

‘ಸಬ್ರಾ’ ಅಥವಾ ಕಳ್ಳಿಯ ರೇಷ್ಮೆ ಎಂದು ಹೊಳೆಯುವ ದಿಂಬಿನ ಚೀಲ, ಶಾಲುಗಳನ್ನು ಎಲ್ಲ ಅಂಗಡಿಯಲ್ಲೂ ತೋರಿಸುತ್ತಾರೆ. ಬಹುಪಾಲು ರೇಯಾನ್. ಅಂಗಡಿಯವನು ಲೈಟರ್ ಹಚ್ಚಿ ‘ನೋಡಿ, ಕರಗಲಿಲ್ಲ, ಪ್ಲಾಸ್ಟಿಕ್ ಅಲ್ಲ’ ಎನ್ನುತ್ತಾನೆ. ಅವನ ಮಾತು ನಿಜವೇ. ಆದರೆ ರೇಯಾನ್ ಕೂಡ ಮರದ ನಾರಿನಿಂದ ಆದದ್ದು, ಅದೂ ಕಾಗದದಂತೆಯೇ ಉರಿಯುತ್ತದೆ. ಆ ಪರೀಕ್ಷೆಯಿಂದ ಕಳ್ಳಿಯೆಂದು ಸಾಬೀತಾಗುವುದಿಲ್ಲ. ಬಣ್ಣ ಇಷ್ಟವಾದರೆ ರೇಯಾನಿನ ಬೆಲೆಗೆ ಕೊಳ್ಳಿ.

ಚರ್ಮಕ್ಕೆ ಫೆಸ್ ಸರಿಯಾದ ಊರು. ಶುವಾರಾದಲ್ಲಿ ಕೆಲಸ ಹಲವು ಹಂತಗಳಲ್ಲಿ ನಡೆಯುತ್ತದೆ. ಬಿಳಿ ಹೊಂಡಗಳಲ್ಲಿ ಸುಣ್ಣದ ನೀರು, ಅದರಲ್ಲಿ ಕೂದಲು ಸಡಿಲವಾಗುತ್ತದೆ. ಮುಂದೆ ಪಾರಿವಾಳದ ಹಿಕ್ಕೆ ಕದಡಿದ ನೀರಿನಲ್ಲಿ ತುಳಿದು ಚರ್ಮವನ್ನು ಮೆದುಮಾಡುತ್ತಾರೆ, ಮೂಗಿಗೆ ರಾಚುವ ಅಮೋನಿಯಾ ಬರುವುದು ಅದರಿಂದಲೇ. ಕೊನೆಗೆ ಬಣ್ಣದ ಹೊಂಡ. ಬಣ್ಣಗಳೆಲ್ಲ ಗಸಗಸೆ ಹೂವು, ಪುದೀನ, ಕೇಸರಿಯಿಂದ ಎಂಬ ವಿವರಣೆಯನ್ನು ಕಥೆಯೆಂದು ಕೇಳಿ. ರಾಸಾಯನಿಕ ಬಣ್ಣ ಬಂದು ಬಹಳ ಕಾಲವಾಗಿದೆ, ಕೇಸರಿಯ ಬೆಲೆಗೆ ಚಪ್ಪಲಿ ಬಣ್ಣ ಹಾಕುವವರಾರು? ಹೊಂಡಗಳು ಸುತ್ತಲಿನ ಚರ್ಮದಂಗಡಿಗಳ ಮಹಡಿಯಿಂದ ಚೆನ್ನಾಗಿ ಕಾಣುತ್ತವೆ, ಬೆಳಗಿನ ಹೊತ್ತು ಕೆಲಸ ಜೋರು. ಮೂಗಿಗೆ ಹಿಡಿದುಕೊಳ್ಳಲು ಪುದೀನದ ಕಡ್ಡಿ ಕೊಡುತ್ತಾರೆ. ‘ಪ್ರವೇಶ ಶುಲ್ಕ’ ಎಂದು ಓಣಿಯಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ. ಮಹಡಿಗೆ ಹತ್ತಿಸಿ ವಿವರಿಸಿದವನಿಗೆ ಇಳಿಯುವಾಗ ಹತ್ತಿಪ್ಪತ್ತು ದಿರ್ಹಮ್ ಕೊಡುವುದು ವಾಡಿಕೆ. ಅಂಗಡಿಯ ಮೂಲಕವೇ ಇಳಿಯಬೇಕು, ಕೊಳ್ಳಲೇಬೇಕೆಂದಿಲ್ಲ.

ಚೀಲ ಕೊಳ್ಳುವಾಗ ಒಳಗಿನ ಹೊಲಿಗೆ ನೋಡಿ. ಅಂಟು ಹಾಕಿ ಮೇಲೊಂದು ಹೊಲಿಗೆ ಓಡಿಸಿದ್ದು ಪಟ್ಟಿಯ ಬುಡದಲ್ಲೇ ಕಿತ್ತುಬರುತ್ತದೆ. ತಳವನ್ನು ಬಗ್ಗಿಸಿ ಕಿವಿಗೊಡಿ. ರಟ್ಟು ಇದ್ದರೆ ಚರ ಚರ ಎನ್ನುತ್ತದೆ, ಮೊದಲ ಮಳೆಗೆ ಅದು ಮುದ್ದೆ. ಜಿಪ್ಪನ್ನು ಹತ್ತು ಸಲ ಎಳೆದು ನೋಡಿ, ಮೊದಲು ಕೈಕೊಡುವುದು ಅದೇ. ಒದ್ದೆ ಬೆರಳಿಂದ ತಿಕ್ಕಿದಾಗ ಬಣ್ಣ ಬಂದರೆ ತೆಳು ಬಣ್ಣದ ಬಟ್ಟೆಯ ಮೇಲೆ ಆ ಚೀಲ ಹಾಕುವಂತಿಲ್ಲ. ಮೇಕೆಯ ಚರ್ಮಕ್ಕೆ ಸಣ್ಣ ಸಣ್ಣ ಕಾಳಿನಂಥ ಮೇಲ್ಮೈ, ಗಟ್ಟಿತನ ಹೆಚ್ಚು. ಕುರಿಯದು ಮೆತ್ತಗೆ, ಬೇಗ ಹರಿಯುತ್ತದೆ. ‘ಒಂಟೆ ಚರ್ಮ’ ಎಂಬುದನ್ನು ನಂಬಿ ಹೆಚ್ಚು ಕೊಡಬೇಡಿ. ವಾಸನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ತಪ್ಪು ಉಪಾಯ, ಒಳಗೇ ಬೂಷ್ಟು ಹಿಡಿಯುತ್ತದೆ. ಒಳಗೆ ಹಳೆ ಪತ್ರಿಕೆ ತುರುಕಿ ನೆರಳಲ್ಲಿ ಗಾಳಿಗೆ ನೇತುಹಾಕಿ, ಕೆಲವು ವಾರ ಬೇಕು.

ಕೇಸರಿ ದಕ್ಷಿಣ ಮೊರಾಕ್ಕೊದ ತಾಲಿವೀನ್ ಕಡೆಯದು ಒಳ್ಳೆಯದು. ಪುಡಿ ಕೊಳ್ಳಲೇಬೇಡಿ, ಎಸಳು ಮಾತ್ರ, ಗ್ರಾಮಿನ ತೂಕದಲ್ಲಿ, ಎದುರಿಗೇ ತೂಗಿಸಿ. ಒಂದೆರಡು ಎಸಳನ್ನು ನೀರಿಗೆ ಹಾಕಿ ಹತ್ತು ಹದಿನೈದು ನಿಮಿಷ ಕಾಯಿರಿ: ನೀರು ನಿಧಾನವಾಗಿ ಹಳದಿಯಾಗಬೇಕು, ಎಸಳು ಕೆಂಪಾಗಿಯೇ ಉಳಿಯಬೇಕು. ಹಾಕಿದೊಡನೆ ಕೆಂಪು ಬಿಟ್ಟು ಎಸಳು ಬಿಳಿಚಿಕೊಂಡರೆ ಬಣ್ಣ ಹಾಕಿದ ನಾರು. ಏಲಕ್ಕಿ, ಮೆಣಸು, ಶುಂಠಿಯನ್ನು ಅಲ್ಲಿಂದ ಕೊಂಡು ತರುವುದು ಮಲೆನಾಡಿನವರಿಗೆ ಶೋಭೆಯಲ್ಲ. ಅಂದಹಾಗೆ, 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ನೋಡಿ ಹೋದ ಮೊರಾಕ್ಕೊದ ಟಾಂಜಿಯರ್‌ನ ಯಾತ್ರಿಕ ಇಬ್ನ್ ಬತೂತಾ ತನ್ನ ಪ್ರವಾಸವನ್ನು ಹೇಳಿ ಬರೆಸಿದ್ದು ಫೆಸ್‌ನ ಸುಲ್ತಾನ ಅಬು ಇನಾನ್‌ನ ಅಪ್ಪಣೆಯಂತೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಅದರಲ್ಲಿದೆ. ತಲಾ ಕಬೀರಾದ ಮೇಲ್ತುದಿಯಲ್ಲಿರುವ ಬೂ ಇನಾನಿಯಾ ಮದರಸಾ ಅದೇ ಸುಲ್ತಾನ ಕಟ್ಟಿಸಿದ್ದು. ಮೊರಾಕ್ಕೊದ ಮಸೀದಿಗಳಿಗೆ ಮುಸ್ಲಿಮೇತರರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ, ಆದರೆ ಈ ಮದರಸಾದ ಅಂಗಳಕ್ಕೆ ಟಿಕೆಟ್ ಕೊಂಡು ಹೋಗಬಹುದು.

ಅಲ್ಲಿಂದ ತರಬೇಕಾದದ್ದು ಒಣ ಗುಲಾಬಿ ಮೊಗ್ಗು, ಕಿತ್ತಳೆ ಹೂವಿನ ನೀರು, ಅರ್ಗಾನ್ ಮರದ ಬೀಜದ ಎಣ್ಣೆ. ಅಡುಗೆಯ ಅರ್ಗಾನ್‌ಗೆ ಬೀಜ ಹುರಿದಿರುತ್ತಾರೆ, ಕಂದು ಬಣ್ಣ, ಹುರಿದ ಕಾಳಿನ ಘಮ. ಮೈಗೆ ಹಚ್ಚುವುದು ತಿಳಿ ಬಣ್ಣ, ವಾಸನೆ ಅಷ್ಟಿಲ್ಲ. ಎರಡನ್ನೂ ಒಂದೇ ಡಬ್ಬದಿಂದ ಸುರಿದು ಕೊಡುವ ಅಂಗಡಿಯಿಂದ ಎದ್ದು ಬನ್ನಿ. ಬಣ್ಣದ ಮೆರುಗಿನ ತಜಿನ್ ಎಂಬ ಮುಚ್ಚಳದ ಅಡುಗೆ ಮಡಕೆಯನ್ನು ಅಲಂಕಾರಕ್ಕೆ ಮಾತ್ರ ಕೊಳ್ಳಿ, ಆ ಮೆರುಗಿನಲ್ಲಿ ಸೀಸವಿರಬಹುದು. ಹುಳಿ ಅಡುಗೆ ಅದನ್ನು ಬಿಡಿಸಿಕೊಳ್ಳುತ್ತದೆ. ಫೆಸ್‌ನ ಸೆಫ್ಫಾರೀನ್ ಚೌಕದ ತಾಮ್ರದ ಪಾತ್ರೆ ಅಡುಗೆಗಾದರೆ ಒಳಗೆ ಕಲಾಯಿ ಇದೆಯೇ ನೋಡಿ.

ಇಷ್ಟು ತಿಳಿದ ಮೇಲೆ ಬೆಲೆ. ಮರಕೇಶ್‌ನ ಮೊಹಮ್ಮದ್ 5 ರಸ್ತೆಯಲ್ಲಿ ಕುತುಬಿಯಾ ಮಸೀದಿಯಿಂದ ನಡೆಯುವ ದೂರದಲ್ಲಿ ‘ಆನ್ಸಾಂಬ್ಲ್ ಆರ್ತಿಜನಾಲ್’ ಎಂಬ ಸರ್ಕಾರಿ ಕರಕುಶಲ ಸಂಕೀರ್ಣವಿದೆ. ಅಲ್ಲಿ ದರದ ಚೀಟಿ ಇರುತ್ತದೆ, ಬಲವಂತವಿಲ್ಲ. ಮೊದಲು ಅಲ್ಲಿ ಒಂದು ಗಂಟೆ ಸುತ್ತಿ ಬೇಕಾದ ವಸ್ತುಗಳ ದರ ಬರೆದುಕೊಳ್ಳಿ. ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಸಿಗಬೇಕು, ಹೆಚ್ಚು ಹೇಳಿದರೆ ಮುಂದೆ ನಡೆಯಿರಿ. ಆಮೇಲೆ ಸೂಕ್ ಸೆಮ್ಮಾರೀನ್ ಎಂಬ ಹೆಬ್ಬೀದಿಯನ್ನು ದಾಟಿ ಒಳಕ್ಕೆ ಹೋಗಿ. ಚಪ್ಪಲಿಗೆ ಸ್ಮಾತಾ, ಕಮ್ಮಾರರಿಗೆ ಹದ್ದಾದೀನ್, ಬಣ್ಣಗಾರರಿಗೆ ಸಬ್ಬಾಗೀನ್. ಒಳಗೆ ಹೋದಷ್ಟೂ ಬಾಡಿಗೆ ಕಡಿಮೆ, ಕಸುಬುದಾರ ಹತ್ತಿರ.

ಅಂಗಡಿಗೆ ಕಾಲಿಡುವಾಗ ‘ಸಲಾಮು ಅಲೈಕುಂ’ ಎನ್ನಿ. ಇದನ್ನು ಬಿಟ್ಟು ನೇರ ಬೆಲೆ ಕೇಳುವುದು ಅಲ್ಲಿ ಒರಟುತನ. ‘ಬಿಶ್‌ಹಾಲ್?’ ಎಂದರೆ ಎಷ್ಟು. ಅವನು ಹೇಳಿದ್ದಕ್ಕೆ ‘ಗಾಲಿ ಬಿಝ್ಝಾಫ್’, ತುಂಬಾ ದುಬಾರಿ, ಎನ್ನಬಹುದು. ಅವನು ಹೇಳಿದ್ದರ ಅರ್ಧ ಕೇಳು ಎಂಬ ಸೂತ್ರವನ್ನು ಮರೆತುಬಿಡಿ. ಕೆಲವರು ನಾಲ್ಕರಷ್ಟು ಹೇಳುತ್ತಾರೆ, ಕೆಲವರು ಹತ್ತು ಪರ್ಸೆಂಟ್ ಮಾತ್ರ ಬಿಡುತ್ತಾರೆ. ಆ ವಸ್ತು ನಿಮಗೆ ಎಷ್ಟು ಬೆಲೆಬಾಳುತ್ತದೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅದಕ್ಕಿಂತ ತುಸು ಕೆಳಗಿನಿಂದ ಹೊರಡಿ. ನೆನಪಿಡಬೇಕಾದದ್ದು ಒಂದೇ: ನಿಮ್ಮ ಬಾಯಿಂದ ಒಂದು ಸಂಖ್ಯೆ ಬಂದು ಅವನು ಒಪ್ಪಿದರೆ ಕೊಳ್ಳಲೇಬೇಕು. ಒಪ್ಪಿದ ಮೇಲೆ ಹಿಂದೆ ಸರಿದರೆ ಜಗಳಕ್ಕೆ ನಿಲ್ಲುತ್ತಾರೆ, ನ್ಯಾಯ ಅವರ ಕಡೆಗಿರುತ್ತದೆ. ಆದ್ದರಿಂದ ಸುಮ್ಮನೆ ತಿಳಿಯಲು ಸಂಖ್ಯೆ ಎಸೆಯಬೇಡಿ. ಪುದೀನ ಚಹಾ ಕುಡಿದದ್ದಕ್ಕೆ ಕೊಳ್ಳಬೇಕೆಂಬ ಹಂಗಿಲ್ಲ, ಆದರೆ ಅರ್ಧ ಗಂಟೆ ಹೋಗುತ್ತದೆ. ಬೆಳಗಿನ ಬೋಣಿಗೆ ಅಲ್ಲೂ ಬೆಲೆಯಿದೆ, ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಹಿಂಜರಿಯುತ್ತಾರೆ. ರೊಟ್ಟಿ, ಹಣ್ಣಿನ ರಸ, ದರ ಬರೆದಿಟ್ಟ ಯಾವುದಕ್ಕೂ ಚೌಕಾಸಿ ಮಾಡಬೇಡಿ. ವಯಸ್ಸಾದವರು ರಿಯಾಲ್ ಲೆಕ್ಕದಲ್ಲಿ ಹೇಳುವುದುಂಟು. 20 ರಿಯಾಲ್ ಅಂದರೆ ಒಂದು ದಿರ್ಹಮ್. ಕಾರ್ಪೆಟ್ಟನ್ನು ಊರಿಗೆ ಕಳಿಸುತ್ತೇವೆಂದರೆ ಹಿಂಬದಿಯಲ್ಲಿ ನಿಮ್ಮ ಸಹಿ ಹಾಕಿ ಫೋಟೊ ತೆಗೆದುಕೊಳ್ಳಿ, ಅಳತೆ ಬರೆದ ರಸೀದಿ ಪಡೆಯಿರಿ. ಕಾರ್ಡ್ ಯಂತ್ರದಲ್ಲಿ ಮೊತ್ತ ದಿರ್ಹಮ್‌ನಲ್ಲಿದೆಯೋ ಯೂರೊದಲ್ಲಿದೆಯೋ ನೋಡದೆ ಪಿನ್ ಒತ್ತಬೇಡಿ.

ಮರಕೇಶ್‌ನ ಜಮಾ ಅಲ್-ಫ್ನಾ ಚೌಕಕ್ಕೆ ಕತ್ತಲಾಗುವ ಹೊತ್ತಿಗೆ ಹೋಗಿ. ಕಥೆ ಹೇಳುವವರು, ವಾದ್ಯದವರು, ಊಟದ ಸಾಲುಗಳು ಆಗ ಸೇರುತ್ತವೆ. ಹಾವು, ಕೋತಿಗಳ ಹತ್ತಿರ ಹೋಗಬೇಡಿ. ಫೋಟೊಕ್ಕೆ ದುಡ್ಡು ಎಳೆಯುವುದಲ್ಲದೆ, ಆ ಬಾರ್ಬರಿ ಕೋತಿ ಅಳಿವಿನಂಚಿನ ಪ್ರಾಣಿ, ಕಚ್ಚಿದರೆ ರೇಬೀಸ್ ಲಸಿಕೆಗೆ ಓಡಬೇಕು. ಮಗಳಿಗೆ ಮೊದಲೇ ಹೇಳಿಡಿ: ಕೈ ಹಿಡಿದೆಳೆದು ಗೋರಂಟಿ ಹಚ್ಚಲು ಬರುವ ಹೆಂಗಸರಿರುತ್ತಾರೆ. ಕಪ್ಪು ಗೋರಂಟಿಯಲ್ಲಿ ಕೂದಲಿಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಬಣ್ಣ ಬೆರೆಸಿರುತ್ತಾರೆ, ಬೊಬ್ಬೆಯೆದ್ದು ಕಲೆ ಉಳಿಯಬಹುದು. ಅಸಲಿ ಗೋರಂಟಿ ಕಪ್ಪಗಿರುವುದಿಲ್ಲ.

ಊಟದಲ್ಲಿ ತೊಡಕಿರುವುದು ಕಾಣದ ಮಾಂಸದ ಸಾರಿನಲ್ಲಿ. ‘ತರಕಾರಿ ಕುಸ್‌ಕುಸ್’, ‘ತರಕಾರಿ ತಜಿನ್’ ಎಂದು ಬರೆದಿದ್ದರೂ ಮಾಂಸದ ಸಾರಿನಲ್ಲೇ ಬೇಯಿಸಿ ತುಂಡನ್ನು ತೆಗೆದಿಟ್ಟಿರಬಹುದು; ಹರೀರಾ ಸೂಪಿನದೂ ಅದೇ ಕಥೆ. ‘ಬ್ಲಾ ಲ್‌ಹಂ’, ಮಾಂಸವಿಲ್ಲದೆ, ಎಂದರಷ್ಟೇ ಸಾಲದು. ‘ಬ್ಲಾ ಮರ್ಕಾ ದ್ ಲ್‌ಹಂ’, ಮಾಂಸದ ಸಾರೂ ಬೇಡ, ಎಂದು ಸೇರಿಸಿ. ನಂಬಿ ತಿನ್ನಬಹುದಾದವು: ಬದನೆಕಾಯಿಯ ಝಾಲೂಕ್, ದೊಣ್ಣೆಮೆಣಸು ಟೊಮೆಟೊದ ತಕ್ತೂಕಾ, ಆಲೂಗಡ್ಡೆಯ ಮಾಕೂದಾ (ಮೊಟ್ಟೆ ಹಾಕಿರಬಹುದು, ಬೇಡವಾದರೆ ಕೇಳಿಕೊಳ್ಳಿ), ಪದರ ಪದರವಾದ ಮ್ಸಿಮ್ಮನ್ ರೊಟ್ಟಿ, ಬೆಳಗಿನ ಹೊತ್ತು ಎಣ್ಣೆಯಲ್ಲಿ ಕರಿದ ಸ್ಫೆಂಜ್. ಫೆಸ್‌ನ ಬೀಸಾರಾ ಬಿಡಲೇಬೇಡಿ: ಒಣ ಬಾಕ್ಲಾ ಅವರೆಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಮತ್ತು ಜೀರಿಗೆ ಪುಡಿ. ಸಣ್ಣ ಅಂಗಡಿಗಳಲ್ಲಿ ಬೆಳಿಗ್ಗೆಯೇ ಮಾಡಿ ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಪಾತ್ರೆ ಒಂದೇ ಇರುವುದರಿಂದ ಒಳಗೇನಿದೆ ಎಂದು ಕಣ್ಣಾರೆ ನೋಡಬಹುದು.

ಟ್ಯೂನಿಸ್ ಇವೆರಡಕ್ಕಿಂತ ನಿರಾಳ. ಬಾಬ್ ಅಲ್-ಬಹ್ರ್ ಹೆಬ್ಬಾಗಿಲಿನಿಂದ ಝೈತೂನಾಕ್ಕೆ ಹೋಗುವ ಓಣಿಯಲ್ಲಿ ಪ್ರವಾಸಿಗರ ಮಾಲೇ ತುಂಬಿದೆ, ಅಲ್ಲಿ ನಿಲ್ಲದೆ ಮಸೀದಿಯ ಆಚೆಗೆ ದಾಟಿ. ಶಾಶಿಯಾ ಸೂಕ್ ನೋಡುವಂಥದ್ದು. ಕೆಂಪು ಉಣ್ಣೆ ಟೋಪಿಯನ್ನು ಮೊದಲು ಬೇಕಾದ್ದಕ್ಕಿಂತ ಬಹಳ ದೊಡ್ಡದಾಗಿ ಹೆಣೆಯುತ್ತಾರೆ, ಬಿಸಿನೀರು ಸಾಬೂನಿನಲ್ಲಿ ತುಳಿದು ಕುಗ್ಗಿಸುತ್ತಾರೆ, ಒಣ ಮುಳ್ಳುಹೂವಿನ ತಲೆಯಿಂದ ಕೆರೆದು ನವಿರೆಬ್ಬಿಸಿ ಆಮೇಲೆ ಬಣ್ಣ. ಹೆಣಿಗೆಯ ಕಣ್ಣುಗಳು ಕಾಣುತ್ತಿದ್ದರೆ ಸರಿಯಾಗಿ ಕುಗ್ಗಿಸಿಲ್ಲ, ಒಂದೆರಡು ಸಲ ಒದ್ದೆಯಾದರೆ ಆಕಾರ ಕೆಡುತ್ತದೆ.

ಹಣದ ಬಗ್ಗೆ: ಮೊರಾಕ್ಕೊದ ದಿರ್ಹಮ್, ಟ್ಯುನೀಶಿಯಾದ ದಿನಾರ್ ಎರಡೂ ಆಯಾ ದೇಶದೊಳಗೆ ಮಾತ್ರ ನಡೆಯುವ ಹಣ. ಯೂರೊ ಅಥವಾ ಡಾಲರ್ ಒಯ್ದು ಅಲ್ಲಿಯೇ ಬದಲಿಸಿ. ದುಬೈ ದಿರ್ಹಮ್ ಅಲ್ಲಿ ನಡೆಯುವುದಿಲ್ಲ. 200 ದಿರ್ಹಮ್ ನೋಟು ಕೊಟ್ಟರೆ ಓಣಿಯಲ್ಲಿ ಚಿಲ್ಲರೆ ಸಿಗುವುದಿಲ್ಲ. ಬದಲಿಸುವಾಗಲೇ 20ರ, 50ರ ನೋಟು ಕೇಳಿ. ಮಿಕ್ಕಿದ ಹಣವನ್ನು ಯೂರೊಗೆ ಮರಳಿಸಲು ಬದಲಿಸಿದ ರಸೀದಿ ಕೇಳುತ್ತಾರೆ, ಜೋಪಾನವಾಗಿಡಿ. ಕಾಸಾಬ್ಲಾಂಕಾದಿಂದ ಟ್ಯೂನಿಸ್ ವಿಮಾನ ಹತ್ತುವ ಮೊದಲೇ ದಿರ್ಹಮ್ ಬದಲಿಸಿಬಿಡಿ, ಅದೂ ಪಾಸ್‌ಪೋರ್ಟ್ ತಪಾಸಣೆಯ ಈಚೆಗಿರುವ ಕೌಂಟರಿನಲ್ಲಿ.